ವೈಎಫ್-23 ಕಟ್ಟುವ ಮೊದಲು: ಯಾವ ವಿಮಾನ, ಯಾವ ದಿನದ ವಿಮಾನ?

ಪ್ರಶ್ನೆ: ನಮ್ಮ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ. ದುಬೈಯಲ್ಲಿರುವ ಭಾವ ರಜೆಗೆ ಬಂದಾಗ 1/48 ಅಳತೆಯ (ನಿಜದ 48ನೇ ಒಂದು ಪಾಲು ಗಾತ್ರದ) ವೈಎಫ್-23 ಎಂಬ ಅಮೆರಿಕದ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಿಟ್ ತಂದುಕೊಟ್ಟಿದ್ದಾರೆ. ಇದುವರೆಗೆ ಚಿಕ್ಕ ವಿಮಾನಗಳನ್ನಷ್ಟೇ ಕಟ್ಟಿದವನು ನಾನು, ಇಷ್ಟು ದೊಡ್ಡದು ಮೊದಲ ಸಲ. ಈ ವಿಮಾನದ ಮೇಲೆ ಮಾಡೆಲ್ ಕಟ್ಟುವವರಿಗಾಗಿಯೇ ಬಂದ ಇಂಗ್ಲಿಷ್ ಪುಸ್ತಕವೊಂದಿದೆ. ತರಿಸಿದರೆ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ ಬೀಳುತ್ತದೆ. ಅದರ 1/72 ನಕ್ಷೆಯ ಪುಟವನ್ನು ಗೆಳೆಯರೊಬ್ಬರು ಕಳಿಸಿಕೊಟ್ಟರು. ಪೇಟೆಯಲ್ಲಿ ದೊಡ್ಡದು ಮಾಡಿಸಿ ಕಿಟ್‌ನ ಮೇಲಿಟ್ಟು ನೋಡಿದರೆ ರೆಕ್ಕೆಯ ಅಗಲದಲ್ಲಿ (ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ) ಐದು ಮಿ.ಮೀ. ವ್ಯತ್ಯಾಸ. ತಪ್ಪು ಕಿಟ್‌ನದೋ ಪುಸ್ತಕದ್ದೋ? ಕಿಟ್‌ನ ಕಾಗದ ಕಪ್ಪು ಬಣ್ಣ ಹಚ್ಚಿ ಎನ್ನುತ್ತದೆ, ಫೋಟೋಗಳಲ್ಲಿ ಒಂದೊಂದು ಕಡೆ ಒಂದೊಂದು ಬೂದು. ಕೆಲವು ಕಡೆ ಹೊಟ್ಟೆಯಡಿ ಕೆಂಪು ಗುರುತಿದೆ, ಕೆಲವು ಕಡೆ ಇಲ್ಲ. ಪುಸ್ತಕ ತರಿಸಬೇಕೇ, ನೆಟ್‌ನಲ್ಲಿ ಸಿಗುವ ಫೋಟೋ ಸಾಕೇ? ಇದನ್ನೇ ವಾಯುಪಡೆಗೆ ಸೇರಿದ ಎಫ್-23 ಎಂದು ಕಟ್ಟಬಹುದೇ? ಮಳೆಗಾಲದಲ್ಲಿ ಬಣ್ಣ ಹಚ್ಚಿದರೆ ಬೆಳ್ಳಗಾಗುತ್ತದೆ ಎನ್ನುತ್ತಾರೆ, ಹೌದೇ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಬೇರು ಒಂದೇ. ಕಿಟ್, ಪುಸ್ತಕ, ನೆಟ್‌ನ ಫೋಟೋ ಮೂರೂ ಒಂದೇ ವಿಮಾನವನ್ನು ತೋರಿಸುತ್ತಿವೆ ಎಂದು ನೀವು ಹಿಡಿದುಕೊಂಡಿದ್ದೀರಿ. ಹಾಗಿಲ್ಲ. ಸಾವಿರಗಟ್ಟಲೆ ತಯಾರಾದ ಎಫ್-16 ಕಟ್ಟುವಾಗ ಸಣ್ಣಪುಟ್ಟ ವ್ಯತ್ಯಾಸಕ್ಕೆ ಎಲ್ಲೋ ಒಂದು ವಿಮಾನ ಸಮರ್ಥನೆಯಾಗಿ ಸಿಕ್ಕೀತು. ವೈಎಫ್-23 ತಯಾರಾದದ್ದೇ ಎರಡು. ಎರಡರ ಎಂಜಿನ್ ಬೇರೆ, ಬಣ್ಣ ಬೇರೆ. ಹಾರಾಟ ನಿಂತ ಮೇಲೆ ಅವು ಹೋದ ದಾರಿಯೂ ಬೇರೆ. ಹಾಗಾಗಿ ಪುಸ್ತಕ ತರಿಸುವುದೋ ಬಿಡುವುದೋ ಎನ್ನುವ ಮೊದಲು ಆಗಬೇಕಾದ ತೀರ್ಮಾನ ಒಂದಿದೆ: ನೀವು ಕಟ್ಟುವುದು ಯಾವ ವಿಮಾನವನ್ನು, ಅದು ಯಾವ ಹೊತ್ತಿನಲ್ಲಿ ಇದ್ದ ಹಾಗೆ?

ಹಿನ್ನೆಲೆ ಚುಟುಕಾಗಿ. ಅಮೆರಿಕದ ವಾಯುಪಡೆ ಎಫ್-15ರ ನಂತರದ ಯುದ್ಧವಿಮಾನಕ್ಕಾಗಿ 1986ರ ಅಕ್ಟೋಬರ್ ಕೊನೆಯಲ್ಲಿ ಎರಡು ತಂಡಗಳಿಗೆ ಪ್ರೊಟೊಟೈಪ್, ಅಂದರೆ ಪರೀಕ್ಷೆಯ ಮೊದಲ ಮಾದರಿ, ಕಟ್ಟುವ ಕೆಲಸ ಕೊಟ್ಟಿತು. ಲಾಕ್‌ಹೀಡ್ ತಂಡದ್ದು ವೈಎಫ್-22, ನಾರ್ತ್ರಾಪ್ ಮತ್ತು ಮೆಕ್‌ಡಾನೆಲ್ ಡಗ್ಲಸ್ ಸೇರಿ ಕಟ್ಟಿದ್ದು ವೈಎಫ್-23. ಇದರ ಮೊದಲ ವಿಮಾನಕ್ಕೆ ಪಿಎವಿ-1 ಎಂದು ಹೆಸರು, ಕ್ರಮಸಂಖ್ಯೆ 87-0800. ಪ್ರ್ಯಾಟ್ ಅಂಡ್ ವಿಟ್ನಿಯ ವೈಎಫ್119 ಎಂಜಿನ್, ಇದ್ದಿಲಿನಂಥ ಗಾಢ ಬೂದು ಬಣ್ಣ. 1990ರ ಆಗಸ್ಟ್ 27ರಂದು ಪಾಲ್ ಮೆಟ್ಜ್ ಇದನ್ನು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ನೆಲೆಯಿಂದ ಮೊದಲ ಬಾರಿ ಹಾರಿಸಿದರು. ಎರಡನೆಯದು ಪಿಎವಿ-2, ಕ್ರಮಸಂಖ್ಯೆ 87-0801. ಜನರಲ್ ಎಲೆಕ್ಟ್ರಿಕ್‌ನ ವೈಎಫ್120 ಎಂಜಿನ್, ಎರಡು ಛಾಯೆಯ ತಿಳಿ ಬೂದು. ಅಕ್ಟೋಬರ್ 26ರಂದು ಜಿಮ್ ಸ್ಯಾಂಡ್‌ಬರ್ಗ್ ಹಾರಿಸಿದರು. ಈ ವಿಮಾನಗಳಿಗೆ ಬ್ಲ್ಯಾಕ್ ವಿಡೋ, ಗ್ರೇ ಘೋಸ್ಟ್ ಎಂಬ ಅಡ್ಡಹೆಸರುಗಳು ಬಿದ್ದವು. ಎರಡೂ ಸೇರಿ 50 ಹಾರಾಟ, ಸುಮಾರು 65 ಗಂಟೆ. ಡಿಸೆಂಬರ್ ಹೊತ್ತಿಗೆ ಪರೀಕ್ಷೆ ಮುಗಿಯಿತು. 1991ರ ಏಪ್ರಿಲ್ 23ರಂದು ವೈಎಫ್-22 ಗೆದ್ದಿತೆಂದು ಘೋಷಣೆಯಾಯಿತು. ಮೆಟ್ಜ್ ಆಮೇಲೆ ಲಾಕ್‌ಹೀಡ್ ಸೇರಿ, 1997ರಲ್ಲಿ ಮೊದಲ ಎಫ್-22ನ್ನೂ ಅವರೇ ಹಾರಿಸಿದರು.

ಅಂದರೆ ಈ ವಿಮಾನ ಎಂಜಿನ್ ಸಹಿತ, ಹಾರುವ ಸ್ಥಿತಿಯಲ್ಲಿ ಇದ್ದದ್ದು 1990ರ ಕೆಲವೇ ತಿಂಗಳು. ಅದರ ನಂತರ ತೆಗೆದ ಫೋಟೋಗಳೇ ಇವತ್ತು ನೆಟ್‌ನಲ್ಲಿ ಸುಲಭವಾಗಿ ಸಿಗುವುದು, ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಸ್ಪರ್ಧೆ ಸೋತ ಮೇಲೆ ಎರಡೂ ವಿಮಾನ ಎಂಜಿನ್ ಕಳಚಿಕೊಂಡು ಎಡ್ವರ್ಡ್ಸ್‌ನಲ್ಲೇ ಇದ್ದ ನಾಸಾ ಕೇಂದ್ರದ ಕೈಗೆ ಹೋದವು. ನಾಸಾ ಅವನ್ನು ಹಾರಿಸಲಿಲ್ಲ. ಆ ಕಾಲದ ಫೋಟೋ ನೋಡಿ ಹಿಂಭಾಗ ಕಟ್ಟಿದರೆ ಖಾಲಿ ಗೂಡು ಕಟ್ಟಿದ ಹಾಗಾಗುತ್ತದೆ. ಪಿಎವಿ-1 ಈಗ ಒಹಾಯೋದ ಡೇಟನ್ ಹತ್ತಿರದ ವಾಯುಪಡೆ ಮ್ಯೂಸಿಯಂನಲ್ಲಿದೆ. ಪಿಎವಿ-2 ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಮ್ಯೂಸಿಯಂ ಆಫ್ ಫ್ಲೈಟ್‌ನಲ್ಲಿದ್ದದ್ದು, 2004ರಲ್ಲಿ ನಾರ್ತ್ರಾಪ್ ಗ್ರಮನ್ ಅದನ್ನು ವಾಪಸು ತೆಗೆದುಕೊಂಡು ತಾನು ಮುಂದಿಟ್ಟ ಬಾಂಬರ್ ಯೋಜನೆಯ ಪ್ರದರ್ಶನ ಮಾದರಿಯಾಗಿ ಬದಲಾಯಿಸಿತು. 2010ರಲ್ಲಿ ಮ್ಯೂಸಿಯಂಗೆ ಮರಳಿತು. ಆದ್ದರಿಂದ ಪಿಎವಿ-2ರ ಸುತ್ತ ನಡೆದಾಡಿ ಇತ್ತೀಚೆಗೆ ತೆಗೆದ ಫೋಟೋಗಳು ಎಷ್ಟೇ ಸ್ಪಷ್ಟವಾಗಿದ್ದರೂ 1990ರ ವಿಮಾನಕ್ಕೆ ಸಾಕ್ಷಿಯಲ್ಲ. ಇನ್ನೊಂದು ಬಲೆ: ರೇಡಾರ್ ಪರೀಕ್ಷೆಗೆಂದು ಕಂಬದ ಮೇಲೆ ಕೂರಿಸುವ ಪೂರ್ಣ ಗಾತ್ರದ ಮಾದರಿಯೊಂದನ್ನೂ ನಾರ್ತ್ರಾಪ್ ಮಾಡಿತ್ತು. ಅದರ ಚಿತ್ರ ಕಂಡರೆ ವಿಮಾನದ ಚಿತ್ರವೆಂದು ತಿಳಿದು ಅದರಿಂದ ಪ್ಯಾನೆಲ್ ಗೆರೆ (ಮೈಯ ತಗಡುಗಳು ಕೂಡುವ ಸಂದಿಯ ಗೆರೆ) ಎತ್ತಬೇಡಿ.

ನೀವು ಕೇಳಿದ ಕೆಂಪು ಗುರುತಿನ ವಿಷಯವೂ ಇದೇ. ಬ್ಲ್ಯಾಕ್ ವಿಡೋ ಜೇಡದ ಹೊಟ್ಟೆಯ ಮೇಲಿರುವಂಥ ಕೆಂಪು ಡಮರುವಿನ ಆಕಾರವನ್ನು ಪಿಎವಿ-1ರ ಅಡಿಭಾಗದಲ್ಲಿ ಬರೆದಿದ್ದರು. ಅದು ಇದ್ದದ್ದು ಸ್ವಲ್ಪ ಕಾಲ. ಕಂಪೆನಿಯ ಮೇಲಿನವರು ಅಳಿಸಲು ಹೇಳಿದರು, ಅಳಿಸಿದರು. ಗುರುತು ಇರುವ ಫೋಟೋವೂ ಸರಿ, ಇಲ್ಲದ ಫೋಟೋವೂ ಸರಿ. ನಿಮ್ಮ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತು) ಹಾಳೆಯಲ್ಲಿ ಅದಿದೆ ಎಂಬ ಕಾರಣಕ್ಕೆ ಪಿಎವಿ-2ಕ್ಕೆ ಅಂಟಿಸಿದರೆ ಮಾತ್ರ ತಪ್ಪು.

ಫೋಟೋಗಳನ್ನು ಒಂದೇ ರಾಶಿಯಲ್ಲಿ ಇಟ್ಟುಕೊಳ್ಳಬೇಡಿ. ಫೋನಿನಲ್ಲೇ ಆಗಲಿ ಪ್ರಿಂಟ್ ತೆಗೆದೇ ಆಗಲಿ, ನಾಲ್ಕು ಭಾಗ ಮಾಡಿ: ಪಿಎವಿ-1 ಹಾರಾಟದ ಕಾಲ, ಪಿಎವಿ-2 ಹಾರಾಟದ ಕಾಲ, ಎಂಜಿನ್ ಇಲ್ಲದೆ ನಿಂತ ಕಾಲ, ಮ್ಯೂಸಿಯಂ ಕಾಲ. ಯಾವುದಕ್ಕೂ ಸೇರದ್ದನ್ನು ಬದಿಗಿಡಿ, ಅದನ್ನು ನೋಡಿ ಏನನ್ನೂ ಕಟ್ಟಬೇಡಿ. ಗಾಲಿಗೂಡಿನ ಒಳಗಿನ ರಚನೆಯಂಥ ವಿವರಗಳಿಗೆ ಮ್ಯೂಸಿಯಂ ಫೋಟೋ ಧಾರಾಳವಾಗಿ ಬಳಸಬಹುದು. ಬಣ್ಣಕ್ಕೆ, ಹಿಂಭಾಗದಲ್ಲಿ ಎಂಜಿನ್ನಿನ ಬಿಸಿಗಾಳಿ ಹೊರಹೋಗುವ ತೊಟ್ಟಿಯ ಸುಟ್ಟ ಛಾಯೆಗೆ, ಗುರುತು ಬರಹಗಳಿಗೆ 1990ರ ಫೋಟೋವೇ ಬೇಕು.

ಇನ್ನು ನಿಮ್ಮ ಐದು ಮಿ.ಮೀ. ಮೊದಲು ನಿಜವಾದ ಅಳತೆ ಕೈಯಲ್ಲಿರಲಿ. ವಿಮಾನದ ಉದ್ದ 67 ಅಡಿ 5 ಇಂಚು, ಅಂದರೆ 20.55 ಮೀಟರ್. ರೆಕ್ಕೆಯ ಅಗಲ 43 ಅಡಿ 7 ಇಂಚು, 13.28 ಮೀಟರ್. ಎತ್ತರ 13 ಅಡಿ 11 ಇಂಚು, 4.24 ಮೀಟರ್. 1/48ರಲ್ಲಿ ಇದು 428 ಮಿ.ಮೀ. ಉದ್ದ, 277 ಮಿ.ಮೀ. ಅಗಲ, 88 ಮಿ.ಮೀ. ಎತ್ತರ. 1/72ರಲ್ಲಿ 285, 184 ಮತ್ತು 59. ನಿಮ್ಮ ಕಿಟ್‌ನ ಭಾಗಗಳನ್ನು ಟೇಪ್ ಹಾಕಿ ಜೋಡಿಸಿ, ಸ್ಟೀಲ್ ಸ್ಕೇಲಿನಲ್ಲಿ ಅಳೆದು ಈ ಅಂಕೆಗೆ ಹೋಲಿಸಿ. ನಕ್ಷೆಗೆ ಹೋಲಿಸುವುದು ಆಮೇಲೆ.

ನಕ್ಷೆಯ ಮೇಲೆ ನನಗೆ ಅನುಮಾನ ಬರಲು ಸರಳ ಕಾರಣವಿದೆ. ಅಮೆರಿಕದ ಪುಸ್ತಕಗಳ ಸಾಮಾನ್ಯ ದೊಡ್ಡ ಪುಟ ಎಂಟೂವರೆ ಇಂಚು ಅಗಲ, ಹನ್ನೊಂದು ಇಂಚು ಎತ್ತರ. ಹನ್ನೊಂದು ಇಂಚು ಎಂದರೆ 279 ಮಿ.ಮೀ. ವೈಎಫ್-23ರ ಉದ್ದ 1/72ರಲ್ಲಿ 285 ಮಿ.ಮೀ. ಅಂಥ ಪುಟದೊಳಗೆ, ಸುತ್ತ ಅಂಚು ಬಿಟ್ಟು, ಪೂರ್ತಿ ವಿಮಾನದ ಮೇಲ್ನೋಟ ನೇರವಾಗಿ ಕೂತಿದ್ದರೆ ಅದರ ಕೆಳಗೆ ಏನೇ ಬರೆದಿರಲಿ ಅದು 1/72 ಅಲ್ಲ. ಪುಟ ಜೋಡಿಸುವಾಗ ಕುಗ್ಗಿಸಿದ್ದಾರೆ. ಎರಡು ಪುಟಕ್ಕೆ ಹರಡಿದ್ದರೆ ಹೊಲಿಗೆಯ ಸಂದಿಯಲ್ಲಿ ಎರಡು ಮೂರು ಮಿ.ಮೀ. ನುಂಗಿಹೋಗಿರುತ್ತದೆ, ಅಥವಾ ಎರಡು ಅರ್ಧಗಳು ಒಂದರ ಮೇಲೊಂದು ಹತ್ತಿರುತ್ತವೆ. ನಿಮಗೆ ಸಿಕ್ಕಿರುವುದು ಫೋನಿನಲ್ಲಿ ತೆಗೆದ ಪುಟವಾಗಿದ್ದರೆ ಲೆನ್ಸಿನ ಬಾಗು, ಓರೆಯಾಗಿ ಹಿಡಿದ ಕೈ ಇವೂ ಸೇರುತ್ತವೆ. ಜೆರಾಕ್ಸ್ ಯಂತ್ರದ್ದು ಇನ್ನೊಂದು ಪಾಲು. ಕಾಗದ ಓಡುವ ದಿಕ್ಕಿನಲ್ಲೂ ಅಡ್ಡ ದಿಕ್ಕಿನಲ್ಲೂ ಹಿಗ್ಗು ಒಂದೇ ಇರಬೇಕೆಂದಿಲ್ಲ. ಐದು ಮಿ.ಮೀ. ಅಂದರೆ 277ಕ್ಕೆ ಶೇ. 1.8. ಇಷ್ಟೂ ಕಿಟ್‌ನದೇ ತಪ್ಪು ಎನ್ನಲು ಈಗ ಆಧಾರವಿಲ್ಲ.

ನಕ್ಷೆಯನ್ನು ಪರೀಕ್ಷಿಸಲು ಅಳತೆಗಿಂತ ಅನುಪಾತ ಒಳ್ಳೆಯದು. ಅಗಲವನ್ನು ಉದ್ದದಿಂದ ಭಾಗಿಸಿದರೆ 0.646 ಬರಬೇಕು. ನಕ್ಷೆಯಲ್ಲಿ ಉದ್ದ 200 ಮಿ.ಮೀ. ಇದ್ದರೆ ಅಗಲ 129 ಇರಬೇಕು. ಅನುಪಾತ ಸರಿಯಿದ್ದರೆ ನಕ್ಷೆ ಒಳ್ಳೆಯದು, ಬರೀ ಗಾತ್ರ ಬದಲಾಗಿದೆ. ಆಗ ಶೇ. 150 ಎಂದು ಕಣ್ಣುಮುಚ್ಚಿ ಹೇಳದೆ, ಉದ್ದ 428 ಬರುವಷ್ಟು ಶೇಕಡಾ ಲೆಕ್ಕ ಹಾಕಿ ಕಾಪಿ ಮಾಡಿಸಿ. ಮಾಡಿಸುವಾಗ ನಕ್ಷೆಯ ಬದಿಯಲ್ಲಿ ಒಂದು ಉದ್ದ, ಒಂದು ಅಡ್ಡ, ತಲಾ 100 ಮಿ.ಮೀ. ಗೆರೆ ಎಳೆದಿಡಿ. ಕಾಪಿಯಲ್ಲಿ ಎರಡೂ ಸಮನಾಗಿ ಹಿಗ್ಗಿವೆಯೇ ಎಂದು ಅಂಗಡಿಯಲ್ಲೇ ಅಳೆದು ನೋಡಬಹುದು. ಅನುಪಾತವೇ ಕೆಟ್ಟಿದ್ದರೆ ಆ ನಕ್ಷೆಯನ್ನು ಅಳತೆಗೆ ಬಳಸಬೇಡಿ, ಯಾವ ಬಾಗಿಲು ಎಲ್ಲಿದೆ ಎಂದು ತಿಳಿಯಲಷ್ಟೇ ಇಟ್ಟುಕೊಳ್ಳಿ.

ಈ ವಿಮಾನದ ಆಕಾರವೇ ನಿಮಗೆ ಇನ್ನೂ ಒಂದು ಪರೀಕ್ಷೆ ಕೊಡುತ್ತದೆ, ಅದಕ್ಕೆ ಪುಸ್ತಕವೂ ಬೇಡ. ರೇಡಾರ್ ಅಲೆ ಕೆಲವೇ ದಿಕ್ಕಿಗೆ ಚಿಮ್ಮಲಿ ಎಂದು ಅಂಚುಗಳನ್ನೆಲ್ಲ ಸಮಾನಾಂತರ ಮಾಡಿದ್ದಾರೆ. ರೆಕ್ಕೆಯ ಮುಂಭಾಗದ ಅಂಚು 40 ಡಿಗ್ರಿ ಹಿಂದಕ್ಕೆ, ಹಿಂಭಾಗದ ಅಂಚು 40 ಡಿಗ್ರಿ ಮುಂದಕ್ಕೆ. ಹಾಗಾಗಿ ಮೇಲಿನಿಂದ ನೋಡಿದರೆ ಬಲ ರೆಕ್ಕೆಯ ಮುಂಭಾಗದ ಅಂಚೂ ಎಡ ರೆಕ್ಕೆಯ ಹಿಂಭಾಗದ ಅಂಚೂ ಸಮಾನಾಂತರ. ಮಕ್ಕಳ ಜಿಯಾಮೆಟ್ರಿ ಬಾಕ್ಸಿನ ಸೆಟ್ ಸ್ಕ್ವೇರನ್ನು ಸ್ಕೇಲಿಗೆ ಒತ್ತಿ ಜಾರಿಸಿ ನೋಡಿದರೆ ಕಿಟ್ ಆಗಲಿ ನಕ್ಷೆಯಾಗಲಿ ಎಲ್ಲಿ ತಪ್ಪಿದೆ ಎಂದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಬಾಲದ ಎರಡು ರೆಕ್ಕೆಗಳು ನೆಟ್ಟಗೆ ನಿಲ್ಲದೆ ಲಂಬದಿಂದ ಸುಮಾರು 50 ಡಿಗ್ರಿ ಹೊರಕ್ಕೆ ಮಲಗಿವೆ. ರಟ್ಟಿನಲ್ಲಿ 40 ಡಿಗ್ರಿಯ ತ್ರಿಕೋನ ಕತ್ತರಿಸಿ ಮೇಜಿನ ಮೇಲಿಟ್ಟು, ಹಿಂದಿನಿಂದ ನೋಡುತ್ತಾ ಎರಡೂ ಕಡೆ ಹೊಂದಿಸಿ. ಒಂದು ಬಾಲ ಎರಡು ಡಿಗ್ರಿ ತಪ್ಪಿದರೂ ಕಟ್ಟಿ ಮುಗಿದ ಮೇಲೆ ದೂರದಿಂದಲೇ ಕಾಣುತ್ತದೆ. ಬೇರೆ ಯಾವ ತಪ್ಪೂ ಇಷ್ಟು ಎದ್ದು ಕಾಣುವುದಿಲ್ಲ.

ಈಗ ಪುಸ್ತಕ. ಕಿಟ್‌ನಲ್ಲಿ ಬಂದದ್ದನ್ನು ಬಂದ ಹಾಗೆ, ಗಾಲಿ ಮಡಚಿ, ಕಾಕ್‌ಪಿಟ್ ಮುಚ್ಚಿ ಕಟ್ಟುವುದಾದರೆ ನಾಲ್ಕು ಸಾವಿರ ಖರ್ಚು ಮಾಡಬೇಡಿ. ಅಮೆರಿಕದ ವಾಯುಪಡೆ ಮತ್ತು ನಾಸಾ ಸಾರ್ವಜನಿಕವಾಗಿ ಇಟ್ಟಿರುವ ಫೋಟೋಗಳು ಅಷ್ಟಕ್ಕೆ ಸಾಕು. ಗಾಲಿ ಇಳಿಸಿ, ಬಾಗಿಲು ತೆರೆದು, ಹಿಂಭಾಗದ ತೊಟ್ಟಿಗಳನ್ನು ವಿವರವಾಗಿ ಮಾಡುವ ಮನಸ್ಸಿದ್ದರೆ ಪುಸ್ತಕ ತನ್ನ ಬೆಲೆಯನ್ನು ತೀರಿಸುತ್ತದೆ. ವಿಮಾನ ಒಂದೊಂದೇ ಇರುವಾಗ ಹತ್ತಿರದಿಂದ ತೆಗೆದ ಕಪ್ಪುಬಿಳುಪು ಫೋಟೋ ಒಂದಕ್ಕೂ ಬೆಲೆಯಿದೆ. ಕೊಳ್ಳುವ ಮುನ್ನ ಗೆಳೆಯರಿಂದ ಇನ್ನೂ ನಾಲ್ಕು ಪುಟ ಕೇಳಿ: ಅಡಿಭಾಗದ ಪೂರ್ತಿ ಫೋಟೋ ಇರುವ ಪುಟ, ಮುಖ್ಯ ಗಾಲಿಗೂಡಿನ ಪುಟ, ಹಿಂಭಾಗದ ಪುಟ, ಇನ್ನು ಯಾವುದಾದರೂ ಒಂದು. ನೋಡಬೇಕಾದದ್ದು ಫೋಟೋದ ಕೆಳಗಿನ ಸಾಲನ್ನು. ಯಾವ ವಿಮಾನ, ಯಾವಾಗ, ಎಲ್ಲಿ ಎಂದು ಸಾಲುಸಾಲಿಗೂ ಬರೆದಿದ್ದರೆ ಪುಸ್ತಕ ಮಾಡಿದವರಿಗೆ ಮಾಡೆಲ್ ಕಟ್ಟುವವರ ಕಷ್ಟ ಗೊತ್ತಿದೆ ಎಂದರ್ಥ. ಬರೀ ಹೊಗಳಿಕೆಯ ಅಡಿಬರಹವಿದ್ದು ಕ್ರಮಸಂಖ್ಯೆಯೇ ಇಲ್ಲದಿದ್ದರೆ, ಬಣ್ಣದ ಪುಟ ಎಷ್ಟೇ ಇದ್ದರೂ ನಿಮ್ಮ ಕೆಲಸಕ್ಕೆ ಬಾರದು. ಬಣ್ಣದ ಪಾರ್ಶ್ವಚಿತ್ರಗಳಿಗೆ ನಾನು ಕೊನೆಯ ಸ್ಥಾನ ಕೊಡುತ್ತೇನೆ. ಅವು ಫೋಟೋ ನೋಡಿ ಬರೆದವು. ಫೋಟೋವೇ ನಿಮ್ಮೆದುರಿಗಿದ್ದರೆ ಅವುಗಳ ಅಗತ್ಯ ಕಡಿಮೆ.

ಹೊರಗಿನಿಂದ ತರಿಸುವಾಗ ಪುಸ್ತಕಕ್ಕೂ ಕಿಟ್‌ಗೂ ಕಸ್ಟಮ್ಸ್‌ನಲ್ಲಿ ಬೇರೆ ಬೇರೆ ನಡೆ. ಮುದ್ರಿತ ಪುಸ್ತಕಗಳಿಗೆ 2019ರ ಬಜೆಟ್‌ನಲ್ಲಿ ಶೇ. 5 ಆಮದು ಸುಂಕ ಬಂತು, ಅಷ್ಟೇ. ಸ್ಕೇಲ್ ಮಾಡೆಲ್ ಕಿಟ್‌ಗಳು ಆಟಿಕೆಗಳ ಶೀರ್ಷಿಕೆಯಡಿ ಬರುತ್ತವೆ. ಅದರ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹಾರಿತು, 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಹಾಗಾಗಿ ಪುಸ್ತಕ, ಡೆಕಾಲ್, ಇನ್ನೊಂದು ಕಿಟ್ ಎಲ್ಲವನ್ನೂ ಒಂದೇ ಪೊಟ್ಟಣದಲ್ಲಿ ತರಿಸಿದರೆ ಕಿಟ್‌ನ ದೆಸೆಯಿಂದ ಪುಸ್ತಕವೂ ಸಿಕ್ಕಿಬಿದ್ದೀತು. ಪುಸ್ತಕವನ್ನು ಒಂದೇ ತರಿಸಿ. ಬಣ್ಣ, ಥಿನ್ನರ್ ವಿಮಾನದ ಅಂಚೆಯಲ್ಲಿ ಕಳಿಸುವಂತಿಲ್ಲ. ಅದನ್ನು ದೇಶದೊಳಗೇ ನೋಡಿಕೊಳ್ಳಬೇಕು.

ಬಣ್ಣಕ್ಕೆ ಬರೋಣ. ಪಿಎವಿ-1 ಕಪ್ಪಲ್ಲ. ಎಡ್ವರ್ಡ್ಸ್ ಇರುವುದು ಮರುಭೂಮಿಯಲ್ಲಿ. ಬಿಳಿ ಕಾಂಕ್ರೀಟ್, ಸುಡುವ ಬಿಸಿಲು. ಆ ಬೆಳಕಿನಲ್ಲಿ ಮೇಲ್ಮೈ ತಿಳಿಯಾಗಿ ಕಾಣುತ್ತದೆ, ನೆರಳಿನ ಹೊಟ್ಟೆ ಕಪ್ಪಾಗಿ ಕಾಣುತ್ತದೆ. ಅದರ ಮೇಲೆ ಫಿಲ್ಮಿನ ಸ್ವಭಾವ, ಅದರ ಮೇಲೆ ಅಚ್ಚಿನ ನಾಲ್ಕು ಶಾಯಿ. ಪುಸ್ತಕದ ಪುಟಕ್ಕೆ ಬಣ್ಣದ ಚೀಟಿ ಹಿಡಿದು ಹೋಲಿಸುವುದು ವ್ಯರ್ಥ. ಅದರ ಬದಲು ಒಂದೇ ಫೋಟೋದೊಳಗೆ ಹೋಲಿಸಿ: ಟೈರಿನ ಕಪ್ಪಿಗಿಂತ ಮೈ ಎಷ್ಟು ತಿಳಿ? ಆ ಅಂತರವನ್ನು ಉಳಿಸಿಕೊಂಡರೆ ಸಾಕು. ಮ್ಯಾಟ್ ಕಪ್ಪಿಗೆ ಐದನೇ ಒಂದು ಭಾಗದಷ್ಟು ಬಿಳಿ ಸೇರಿಸಿ ಶುರು ಮಾಡಿ, ಪ್ಲಾಸ್ಟಿಕ್ ಚಮಚದ ಮೇಲೆ ಹಚ್ಚಿ, ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ಟೈರಿನ ಪಕ್ಕ ಇಟ್ಟು ನೋಡಿ. ಬೇಕಿದ್ದರೆ ಇನ್ನೂ ಬಿಳಿ. ಕಪ್ಪು ಮತ್ತು ಬಿಳಿ ಮಾತ್ರ ಬೆರೆಸಿದಾಗ ನೀಲಿ ಛಾಯೆ ಬರುವುದುಂಟು. ಒಂದು ಹನಿ ಕಂದು ಅದನ್ನು ತಗ್ಗಿಸುತ್ತದೆ. ಪಿಎವಿ-2ರದ್ದು ಎರಡು ಬೂದು, ಒಂದಕ್ಕೊಂದು ಹತ್ತಿರದವು. ಇಲ್ಲಿ ಆಗುವ ತಪ್ಪು ತದ್ವಿರುದ್ಧ, ವ್ಯತ್ಯಾಸವನ್ನು ಹೆಚ್ಚು ಮಾಡಿ ಮರೆಮಾಚುವ ಪಟ್ಟೆಯ ಹಾಗೆ ಕಾಣಿಸುವುದು. ಎರಡರಲ್ಲೂ ಪ್ಯಾನೆಲ್ ಗೆರೆಗಳಿಗೆ ಕಪ್ಪು ನೀರು ಬಿಟ್ಟು ಎತ್ತಿ ತೋರಿಸುವುದು ಬೇಡ. ಸ್ಟೆಲ್ತ್ (ರೇಡಾರಿನ ಕಣ್ಣು ತಪ್ಪಿಸುವ) ವಿಮಾನದ ಮೈಯಲ್ಲಿ ಸಂದಿ ಕಾಣದಂತೆ ಮಾಡುವುದಕ್ಕೇ ಅಷ್ಟು ಹಣ ಸುರಿದದ್ದು. ಮೂಲ ಬಣ್ಣಕ್ಕಿಂತ ಒಂದು ಛಾಯೆಯಷ್ಟೇ ಗಾಢವಾದದ್ದನ್ನು ಬಳಸಿ, ಅದೂ ತೆರೆಯುವ ಬಾಗಿಲುಗಳ ಸುತ್ತ ಮಾತ್ರ.

ಈ ಕಿಟ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಯಾವುದೆಂದರೆ ಮೂಗಿನಿಂದ ರೆಕ್ಕೆಯವರೆಗೆ ಎರಡೂ ಬದಿಯಲ್ಲಿ ಓಡುವ ಚೂಪು ಏಣು. ಮೇಲಿನ ಮೈ, ಕೆಳಗಿನ ಮೈ ಕೂಡುವುದು ಸರಿಯಾಗಿ ಈ ಗೆರೆಯ ಮೇಲೆ, ಅಂದರೆ ಕಿಟ್‌ನ ಅಂಟಿನ ಸಂದಿಯೂ ಅಲ್ಲೇ. ಸಂದಿ ಮುಚ್ಚಲು ಪುಟ್ಟಿ ಹಾಕಿ, ಬೆರಳಿಗೆ ವಾಟರ್ ಪೇಪರ್ ಸುತ್ತಿ ಉಜ್ಜಿದರೆ ಏಣು ಉರುಟಾಗುತ್ತದೆ. ಬೆರಳು ಮೆದು, ಅಂಚಿನಲ್ಲಿ ಬಾಗುತ್ತದೆ, ಅಂಚನ್ನೇ ಮೊದಲು ತಿನ್ನುತ್ತದೆ. ಒಮ್ಮೆ ಉರುಟಾದರೆ ಮಾಡೆಲ್ಲಿನ ಮೇಲೆ ಬೆಳಕು ಬೀಳುವ ರೀತಿಯೇ ಬೇರೆಯಾಗಿ, ವಿಮಾನ ಸಾಬೂನು ಸವೆದ ಹಾಗೆ ಕಾಣುತ್ತದೆ. ಆದ್ದರಿಂದ ಹೀಗೆ ಮಾಡಿ. ಅಂಟಿಸುವ ಮೊದಲು ಎರಡೂ ಅರ್ಧಗಳ ಒಳಅಂಚನ್ನು ಗಾಜಿನ ತುಂಡಿನ ಮೇಲೆ ಹಾಸಿದ 400 ನಂಬರ್ ವಾಟರ್ ಪೇಪರಿನಲ್ಲಿ ಎರಡು ಮೂರು ಸಲ ಮಾತ್ರ ಎಳೆದು ಸಮ ಮಾಡಿ. ಹೆಚ್ಚು ಎಳೆದರೆ ಮೈಯ ಎತ್ತರ ಕುಗ್ಗುತ್ತದೆ. ಹತ್ತು ಸೆಂ.ಮೀ. ಉದ್ದದಷ್ಟೇ ಒಂದು ಸಲಕ್ಕೆ ಅಂಟಿಸಿ, ಒತ್ತಿ ಹಿಡಿದು, ಸ್ವಲ್ಪ ಪ್ಲಾಸ್ಟಿಕ್ ಕರಗಿ ಹೊರಗೆ ಉಕ್ಕುವ ಹಾಗೆ ನೋಡಿಕೊಳ್ಳಿ. ಉಕ್ಕಿದ್ದೇ ಪುಟ್ಟಿ. ಒಂದು ದಿನ ಪೂರ್ತಿ, ಮಳೆಗಾಲವಾದರೆ ಎರಡು ದಿನ, ಮುಟ್ಟಬೇಡಿ. ಆಮೇಲೆ ಗಟ್ಟಿ ಮರದ ಪಟ್ಟಿಗೆ 600 ನಂಬರ್ ಕಾಗದ ಅಂಟಿಸಿ, ಏಣಿನ ಕೆಳಮೈಗೆ ಮಾಸ್ಕಿಂಗ್ ಟೇಪ್ ಹಾಕಿ ಮೇಲ್ಮೈಯನ್ನು ಏಣಿನ ಉದ್ದಕ್ಕೆ ಉಜ್ಜಿ, ನಂತರ ಟೇಪನ್ನು ಮೇಲ್ಮೈಗೆ ಹಾಕಿ ಕೆಳಮೈ ಉಜ್ಜಿ. ಅಡ್ಡಕ್ಕೆ ಎಂದೂ ಉಜ್ಜಬೇಡಿ. ಕೊನೆಗೆ 1000 ನಂಬರ್, ನೀರು ಹಾಕಿ. ಎಲ್ಲಿಯಾದರೂ ಏಣು ಮುರಿದು ಹಲ್ಲಾದರೆ ಮಾಮೂಲಿ ಪುಟ್ಟಿ ಅಲ್ಲಿ ನಿಲ್ಲುವುದಿಲ್ಲ, ಚೂಪು ಬರುವಾಗ ಉದುರುತ್ತದೆ. ಸೂಪರ್ ಗ್ಲೂಗೆ ಟಾಲ್ಕಮ್ ಪೌಡರ್ ಕಲಸಿ ತುಂಬಿ, ಅರ್ಧ ಗಂಟೆಯೊಳಗೆ ಉಜ್ಜಿ. ರಾತ್ರಿ ಬಿಟ್ಟರೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ ಪಕ್ಕದ ಪ್ಲಾಸ್ಟಿಕ್ಕೇ ಸವೆಯುತ್ತದೆ. ಸರಿಯಾಯಿತೇ ಎಂದು ನೋಡಲು ಇಡೀ ಮೈಗೆ ಪ್ರೈಮರ್ ಬೇಡ. ಏಣಿನ ಮೇಲೆ ಬೆಳ್ಳಿ ಬಣ್ಣ ತೆಳ್ಳಗೆ ಸವರಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ, ಬೆಳಕಿನ ಗೆರೆ ಎಲ್ಲಿ ಅಗಲವಾಯಿತೋ ಅಲ್ಲಿ ಉರುಟಾಗಿದೆ.

ಗಾಳಿಯ ಬಾಯಿಗಳು ರೆಕ್ಕೆಯ ಅಡಿಯಲ್ಲಿವೆ. ಒಳಗಿನ ಕೊಳವೆ ಅಂಕುಡೊಂಕಾಗಿ ತಿರುಗುವುದರಿಂದ ಮುಂದಿನಿಂದ ಎಂಜಿನ್ನಿನ ಮುಖ ಕಾಣುವುದಿಲ್ಲ. ಕಿಟ್‌ನ ಕೊಳವೆ ಗಿಡ್ಡವಾಗಿದ್ದು ಗೋಡೆ ಕಂಡರೆ ಎಂಜಿನ್ ಮುಖ ತಂದು ಅಂಟಿಸುವ ಆಸೆ ಬೇಡ, ಒಳಕ್ಕೆ ಹೋದ ಹಾಗೆ ಗಾಢವಾಗುವಂತೆ ಬಣ್ಣ ಊದಿ. ಬಾಯಿಯ ಮುಂದೆ ರೆಕ್ಕೆಯ ಅಡಿಮೈಯಲ್ಲಿ ಸೂಕ್ಷ್ಮ ತೂತುಗಳ ತಗಡು ಇದೆ. ಮೈಗೆ ಅಂಟಿ ಬರುವ ನಿಧಾನ ಗಾಳಿಯನ್ನು ಅದು ಹೀರಿ, ರೆಕ್ಕೆಯ ಮೇಲೆ ಇರುವ ಬಾಗಿಲಿನಿಂದ ಹೊರಗೆ ಬಿಡುತ್ತದೆ. ಇದನ್ನು ಸೂಜಿಯಲ್ಲಿ ಚುಚ್ಚಿ ತೋರಿಸಲು ಹೋಗಬೇಡಿ. ನಿಜದ ತೂತು ಒಂದು ಮಿ.ಮೀ. ಇತ್ತೆಂದೇ ಇಟ್ಟುಕೊಂಡರೂ 1/48ರಲ್ಲಿ 0.02 ಮಿ.ಮೀ. ಆಗುತ್ತದೆ. ಚುಚ್ಚಿದರೆ ಜರಡಿಯಾಗುತ್ತದೆ. ಆ ಚೌಕಕ್ಕೆ ಟೇಪ್ ಹಾಕಿ, ಮೈಬಣ್ಣದ್ದೇ ಸ್ವಲ್ಪ ಗಾಢ ಛಾಯೆ, ಹೊಳಪಿಲ್ಲದ್ದು, ಊದಿದರೆ ಮುಗಿಯಿತು.

ಹಿಂಭಾಗದಲ್ಲಿ ಎಂಜಿನ್ನಿನ ಬಿಸಿಗಾಳಿ ಎರಡು ತೆರೆದ ತೊಟ್ಟಿಗಳ ಮೂಲಕ ಮೈಯ ಮೇಲ್ಭಾಗದಲ್ಲಿ ಹರಿದುಹೋಗುತ್ತದೆ. ಕೆಳಗಿನಿಂದ ಶಾಖ ಕಾಣಬಾರದೆಂಬುದು ಉದ್ದೇಶ. ತೊಟ್ಟಿಗೆ ಹಾಸಿದ ಬಿಲ್ಲೆಗಳೊಳಗಿಂದ ಎಂಜಿನ್ನಿನ ಗಾಳಿಯೇ ಸೂಸಿ ತಂಪು ಮಾಡುತ್ತಿತ್ತು. ವೈಎಫ್-22ರ ಹಾಗೆ ನಳಿಕೆ ಮೇಲೆ ಕೆಳಗೆ ತಿರುಗುವ ವ್ಯವಸ್ಥೆ ಇದರಲ್ಲಿಲ್ಲ, ತಿರುಗಿಸಿ ಅಂಟಿಸಬೇಡಿ. ಬಿಲ್ಲೆಗಳಿಗೆ ಮೊದಲು ಗಾಢ ಲೋಹದ ಬಣ್ಣ ಹಚ್ಚಿ, ಅಲ್ಲೊಂದು ಇಲ್ಲೊಂದು ಬಿಲ್ಲೆಗೆ ತುಸು ಕಂದು, ತುಸು ನೀಲಿ ತೆಳ್ಳಗೆ. ಇಲ್ಲಿ ನಿಮ್ಮ ನಾಲ್ಕು ರಾಶಿ ಫೋಟೋಗಳಲ್ಲಿ ಮೊದಲೆರಡನ್ನು ಮಾತ್ರ ತೆರೆಯಿರಿ. ತೊಟ್ಟಿ ಮುಗಿದ ಮೇಲೆ ಮೈಬಣ್ಣ ಹಚ್ಚುವ ಕ್ರಮವೇ ಸಲೀಸು, ಚಪ್ಪಟೆ ಮೈಯಿಂದ ಟೇಪ್ ಕೀಳುವುದು ತೊಟ್ಟಿಯೊಳಗಿಂದ ಕೀಳುವುದಕ್ಕಿಂತ ಸುಲಭ.

ಪ್ರೊಟೊಟೈಪ್ ಆದ್ದರಿಂದ ಖರ್ಚು ಉಳಿಸಲು ಬೇರೆ ವಿಮಾನಗಳ ಭಾಗ ಬಳಸಿದ್ದರು, ಇದು ನಿಮಗೆ ಅನುಕೂಲ. ಮೂಗಿನ ಗಾಲಿ ಎಫ್-15ರದ್ದು. ಮುಖ್ಯ ಗಾಲಿಯಲ್ಲಿ ಎಫ್/ಎ-18ರ ಭಾಗಗಳು. ಕಾಕ್‌ಪಿಟ್ ಎಫ್-15ಇ ಯ ಮುಂದಿನ ಕಾಕ್‌ಪಿಟ್ಟಿನಿಂದ. ಕಾಕ್‌ಪಿಟ್ ತುಂಬಲು ಬಿಡಿ ಸೆಟ್ ಕೊಳ್ಳುವುದಾದರೆ ಎಫ್-15ಸಿ ಬೇಡ, ಅದರಲ್ಲಿ ದುಂಡು ಮುಳ್ಳಿನ ಮೀಟರುಗಳೇ ತುಂಬಿವೆ. ಇ ಮಾದರಿಯಲ್ಲಿ ಚೌಕ ಪರದೆಗಳು. ಎಫ್/ಎ-18 ಎಂದರೆ ಹಳೆಯ ಹಾರ್ನೆಟ್, ದೊಡ್ಡ ಸೂಪರ್ ಹಾರ್ನೆಟ್ ಅಲ್ಲ. ಇಡೀ ಗಾಲಿಕಾಲು ತಂದು ಕೂರಿಸದೆ ಚಕ್ರ, ಟೈರು ಮಾತ್ರ ಹೋಲಿಸಿ ಬಳಸಿ, ಎತ್ತರ ಕೆಡಬಾರದು.

ಗಾಲಿ ಇಳಿಸಿ ಕಟ್ಟಿದರೆ ಬಾಲ ಕುಸಿದು ಕೂರುತ್ತದೆಯೇ ಎಂದು ಮುಚ್ಚುವ ಮೊದಲೇ ನೋಡಿಕೊಳ್ಳಿ. ಟೇಪಿನಲ್ಲಿ ಜೋಡಿಸಿದ ಮೈಯನ್ನು ಮುಖ್ಯ ಗಾಲಿ ಬರುವ ಜಾಗದಲ್ಲಿ ಎರಡು ಪೆನ್ಸಿಲಿನ ಮೇಲಿಟ್ಟು, ಮೂಗು ಇಳಿಯುವವರೆಗೆ ತೂಕ ಸೇರಿಸಿ, ಅದರ ಮೇಲೆ ಇನ್ನೂ ಕಾಲು ಭಾಗ ಹೆಚ್ಚು. ಗಾಳದ ಸೀಸದ ಗುಂಡು ಮೀನುಗಾರಿಕೆಯ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅದನ್ನು ಫೆವಿಕಾಲಿನಲ್ಲಿ ಕೂರಿಸಬೇಡಿ. ಆ ಅಂಟಿನಿಂದ ಹೊರಡುವ ಆಮ್ಲದ ಹಬೆ ನಮ್ಮ ಕರಾವಳಿಯ ತೇವದಲ್ಲಿ ಸೀಸವನ್ನು ಬಿಳಿ ಪುಡಿಯಾಗಿ ಉಬ್ಬಿಸುತ್ತದೆ, ಒಂದೆರಡು ವರ್ಷದಲ್ಲಿ ಮೂಗು ಸೀಳುತ್ತದೆ. ಅರಾಲ್ಡೈಟ್ ಹಾಕಿ.

ಇದನ್ನೇ ವಾಯುಪಡೆಯ ಎಫ್-23 ಎಂದು ಕಟ್ಟುವ ಯೋಚನೆ: ಬಣ್ಣ, ಡೆಕಾಲ್ ಬದಲಿಸಿದರೆ ಸಾಕು ಎಂಬ ಮಾತು ನಿಜವಲ್ಲ. ಪ್ರೊಟೊಟೈಪಿನ ಎಂಜಿನ್ ಗೂಡುಗಳು ಅಷ್ಟು ದಪ್ಪವಾಗಿರಲು ಕಾರಣ, ಇಳಿದಾಗ ವೇಗ ತಗ್ಗಿಸಲು ಎಂಜಿನ್ನಿನ ಒತ್ತಡವನ್ನು ಮುಂದಕ್ಕೆ ತಿರುಗಿಸುವ ಸಾಧನಕ್ಕೆ ಜಾಗ ಬಿಟ್ಟದ್ದು. ವಾಯುಪಡೆ ಆ ಬೇಡಿಕೆ ಕೈಬಿಡುವ ಹೊತ್ತಿಗೆ ಪ್ರೊಟೊಟೈಪಿನ ವಿನ್ಯಾಸ ನಿಗದಿಯಾಗಿಬಿಟ್ಟಿತ್ತು. ತಯಾರಿಕೆಗೆಂದು ಯೋಜಿಸಿದ ಎಫ್-23ರಲ್ಲಿ ಗೂಡು ಸಪೂರ, ಮೈ ಉದ್ದ, ಆಯುಧದ ಕೋಣೆ ಒಂದರ ಬದಲು ಎರಡು. ಅದನ್ನು ಮಾಡಬೇಕಾದರೆ ಕಿಟ್‌ನ ಅರ್ಧ ಕೊಯ್ದು ಹೊಸದಾಗಿ ಕಟ್ಟಬೇಕು, ಮೊದಲ ದೊಡ್ಡ ಕಿಟ್‌ನಲ್ಲಿ ಬೇಡ. ಕಲ್ಪನೆಯ ಸ್ಕ್ವಾಡ್ರನ್ ಬಣ್ಣ ಹಚ್ಚಿ ಖುಷಿಗೆ ಕಟ್ಟುವುದಕ್ಕೆ ಅಡ್ಡಿಯಿಲ್ಲ, ಫಲಕದಲ್ಲಿ ವೈಎಫ್-23 ಎಂದೇ ಬರೆಯಿರಿ. ಆಯುಧದ ಕೋಣೆ ತೆರೆದು ಕ್ಷಿಪಣಿ ತುಂಬುವುದನ್ನೂ ನಾನು ಮಾಡಲಾರೆ. ವೈಎಫ್-22 ಪರೀಕ್ಷೆಯಲ್ಲಿ ಕ್ಷಿಪಣಿ ಹಾರಿಸಿತು, ವೈಎಫ್-23 ಹಾರಿಸಲಿಲ್ಲ.

ಮಳೆಗಾಲದ ಬಣ್ಣ ಬೆಳ್ಳಗಾಗುವುದು ನಿಜ, ಎಲ್ಲ ಬಣ್ಣಕ್ಕೂ ಅಲ್ಲ. ಲ್ಯಾಕರ್ ಬಗೆಯ ಬಣ್ಣದಲ್ಲಿ ಥಿನ್ನರ್ ಬೇಗ ಆರುತ್ತಾ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಹೊರೆಯೊಳಗೆ ಸಿಕ್ಕಿಕೊಳ್ಳುತ್ತದೆ. ಗಾಢ ಬೂದಿನ ಮೇಲೆ ಇದು ಬೂಷ್ಟು ಹಿಡಿದ ಹಾಗೆ ಕಾಣುವುದರಿಂದ ಪಿಎವಿ-1ಕ್ಕೆ ಅಪಾಯ ಹೆಚ್ಚು. ತೇವ ಶೇ. 80 ದಾಟಿದ ದಿನ ಲ್ಯಾಕರ್ ಹಚ್ಚಬೇಡಿ. ಜೋರು ಮಳೆಯ ಆಟಿ ತಿಂಗಳಲ್ಲೂ ಮಳೆ ಬಿಟ್ಟ ಮಧ್ಯಾಹ್ನಗಳಿರುತ್ತವೆ. ತೇವ ಅಳೆಯುವ ಚಿಕ್ಕ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದನ್ನು ನೋಡಿ ಶುರು ಮಾಡಿ. ಬೆಳ್ಳಗಾದದ್ದನ್ನು ಉಜ್ಜಿ ತೆಗೆಯಬೇಕಿಲ್ಲ. ತೇವ ಕಡಿಮೆಯಾದ ದಿನ ನಿಧಾನವಾಗಿ ಆರುವ ಥಿನ್ನರನ್ನು ಬರೀ ಮಂಜಿನ ಹಾಗೆ ಊದಿದರೆ ಸಿಕ್ಕಿದ ನೀರು ಬಿಟ್ಟುಕೊಳ್ಳುತ್ತದೆ. ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್ ಬಳಸುವುದಾದರೆ ಜಾಗ್ರತೆ, ಒದ್ದೆ ಹೊರೆ ಹಚ್ಚಿದರೆ ಪ್ಲಾಸ್ಟಿಕ್ಕನ್ನೇ ಕರಗಿಸಿ ಬಿರುಕಿಸುತ್ತದೆ. ಮೊದಲು ಸ್ಪ್ರೂ (ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ತುಂಡಿನ ಮೇಲೆ ನೋಡಿ. ಬಣ್ಣ ಊದುವ ಏರ್‌ಬ್ರಷ್‌ನ ನೀರು ಹಿಡಿಯುವ ಡಬ್ಬಿಯನ್ನು ಕಂಪ್ರೆಸರ್ ಬುಡದಲ್ಲಿ ಹಾಕದೆ ಪೈಪಿನ ಇನ್ನೊಂದು ತುದಿಗೆ, ಬ್ರಷ್ಷಿನ ಹತ್ತಿರ ಹಾಕಿ. ಗಾಳಿ ಪೈಪಿನುದ್ದಕ್ಕೂ ತಣಿದ ಮೇಲೆಯೇ ನೀರು ಬೇರ್ಪಡುವುದು. ನೀರು ಬೆರೆಸುವ ಅಕ್ರಿಲಿಕ್ ಬೆಳ್ಳಗಾಗುವುದಿಲ್ಲ, ಆರಲು ಮಾತ್ರ ಎರಡರಷ್ಟು ಹೊತ್ತು. ಡೆಕಾಲ್ ಹಚ್ಚುವ ಮೊದಲು ಹೊಳಪಿನ ವಾರ್ನಿಷ್ ಒಂದು ಹೊರೆ ಇರಲಿ. ಒರಟು ಮೈಯಲ್ಲಿ ಅಡಿಗೆ ಗಾಳಿ ಸಿಕ್ಕಿ ಡೆಕಾಲ್ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಗಾಢ ಬಣ್ಣದಲ್ಲಿ ಅದು ಅಡಗುವುದಿಲ್ಲ.

ಪುಸ್ತಕ ತರಿಸಿದರೆ ಅದಕ್ಕೂ ಮಳೆಗಾಲ ಕಷ್ಟದ್ದೇ. ಫೋಟೋ ಪುಸ್ತಕಗಳ ನುಣುಪು ಕಾಗದಕ್ಕೆ ಬಿಳಿಮಣ್ಣಿನ ಲೇಪವಿರುತ್ತದೆ. ಒದ್ದೆಯಾಗಿ ಒಣಗಿದರೆ ಪುಟಗಳು ಒಂದಕ್ಕೊಂದು ಬೆಸೆದು, ಬಿಡಿಸುವಾಗ ಫೋಟೋ ಎದ್ದು ಬರುತ್ತದೆ. ಕೆಲಸದ ಮೇಜಿಗೆ ಪುಸ್ತಕ ತರಬೇಡಿ, ಬೇಕಾದ ಪುಟದ ಕಾಪಿ ತಂದಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುವುದೂ ಬೇಡ, ಒಳಗಿನ ತೇವ ಅಲ್ಲೇ ಬೂಷ್ಟಾಗುತ್ತದೆ. ಗೋಡೆಗೆ ತಾಗದಂತೆ ನೆಟ್ಟಗೆ ನಿಲ್ಲಿಸಿ, ಕಪಾಟಿನಲ್ಲಿ ಸಿಲಿಕಾ ಜೆಲ್ ಇಡಿ, ಅದು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಮತ್ತೆ ಇಡಿ. ಎಂದಾದರೂ ನೆನೆದರೆ ಒಣಗಲು ಬಿಡದೆ, ಒದ್ದೆಯಿರುವಾಗಲೇ ಪುಟ ಪುಟದ ನಡುವೆ ಬಟರ್ ಪೇಪರ್ ಸೇರಿಸಿ ಫ್ಯಾನಿನ ಕೆಳಗೆ ನಿಲ್ಲಿಸಿ. ಅಷ್ಟು ಹೊತ್ತಿಲ್ಲದಿದ್ದರೆ ಚೀಲದಲ್ಲಿ ಸುತ್ತಿ ಫ್ರಿಡ್ಜಿನ ಫ್ರೀಜರಿನಲ್ಲಿಡಿ, ಬಿಡುವಾದ ದಿನ ತೆಗೆದು ಇದೇ ಕೆಲಸ ಮಾಡಬಹುದು.